ಅಜ್ಜಿ ಇಳಿಸಲಾರದ ವಿಮಾನ

ಆಫೀಸಿನಲ್ಲಿ ಅವಳನ್ನು ತಕ್ಕಡಿ ಎಂದು ಕರೆಯುತ್ತಾರೆ. ಬೆನ್ನ ಹಿಂದೆಯೂ ಹಾಗೆಯೇ, ಎದುರಿಗೂ ಹಾಗೆಯೇ. ಕಂಪ್ಯೂಟರ್ ಪತ್ರಿಕೆಯೊಂದರ ಹತ್ತೊಂಬತ್ತನೆಯ ಪುಟದಲ್ಲಿ ಹನ್ನೊಂದು ವರ್ಷದಿಂದ ಅವಳ ಅಂಕಣ ಬರುತ್ತಿದೆ. ತಲೆಯ ಮೇಲೆ ಬೆರಳಗಲದ ತಕ್ಕಡಿಯ ಚಿತ್ರ, ಅದರ ಕೆಳಗೆ ಹೊಸದಾಗಿ ಬಂದ ಆಟದ ಹೆಸರು, ಕೊನೆಗೆ ಎರಡರಲ್ಲಿ ಒಂದು ಮಾತು: ಮನೆಯಲ್ಲಿ ಓಡುತ್ತದೆ, ಇಲ್ಲವೇ ಮನೆಯಲ್ಲಿ ಓಡುವುದಿಲ್ಲ. ಮೂರನೆಯ ಮಾತು ಈವರೆಗೆ ಅಚ್ಚಾಗಿಲ್ಲ.

ಈ ಕೆಲಸಕ್ಕೆ ಬರುವ ಮೊದಲು ಅವಳು ಹದಿನಾಲ್ಕು ವರ್ಷ ರಿಪೇರಿ ಅಂಗಡಿಯಲ್ಲಿದ್ದವಳು. ಜನರ ಮನೆಯ ಕಂಪ್ಯೂಟರ್ ಅಂದರೆ ಏನು ಎಂಬುದು ಅವಳಿಗೆ ತಿರುಪು ಬಿಚ್ಚಿ ಗೊತ್ತು. ಫ್ಯಾನಿಗೆ ಸುತ್ತಿಕೊಂಡ ತಲೆಗೂದಲು, ಸತ್ತ ಜಿರಲೆ, ಒಮ್ಮೆ ಒಂದು ಕಿವಿಯೋಲೆ. ಮೇಜಿನ ಕೆಳಗಿನ ಗೂಡಿಗೆ ತುರುಕಿ, ಬೆನ್ನನ್ನು ಗೋಡೆಗೆ ಒತ್ತಿ ಇಟ್ಟ ಪೆಟ್ಟಿಗೆಗಳು ಉಸಿರುಗಟ್ಟಿ ಸಾಯುವುದನ್ನು ಅವಳು ನೂರಾರು ಸಲ ನೋಡಿದ್ದಾಳೆ. ಪಕ್ಕಕ್ಕೆ ಗಾಜು ಹಾಕಿಸಿ ಒಳಗೆ ಬಣ್ಣದ ದೀಪ ಉರಿಸುವ ಕಂಪನಿಗಳ ಯಂತ್ರಗಳನ್ನು ಕಂಡರೆ ಅವಳಿಗೆ ಆಗುವುದಿಲ್ಲ. ಅವಳು ತೂಗುವುದು ಮನೆಯ ಮುಂದಿನ ಕೋಣೆಯಲ್ಲಿ, ಮರದ ಮೇಜಿನ ಗೂಡಿನೊಳಗಿರುವ ಆರು ವರ್ಷದ ಹಳೆಯ ಯಂತ್ರದ ಮೇಲೆ. ಅದರ ಹೆಸರು ಅಜ್ಜಿ. ಅಜ್ಜಿಯ ಧೂಳು ಒರೆಸುವಂತಿಲ್ಲ, ಗೂಡಿನಿಂದ ಈಚೆಗೆ ಎಳೆಯುವಂತಿಲ್ಲ, ಅಳೆಯುವಾಗ ತೆರೆದಿರುವ ಬೇರೆ ಪ್ರೋಗ್ರಾಂಗಳನ್ನು ಮುಚ್ಚುವಂತಿಲ್ಲ. ಇಂಥ ಏಳು ನಿಯಮಗಳನ್ನು ಬರೆದು ಪೆಟ್ಟಿಗೆಯ ಹಣೆಗೆ ಅಂಟಿಸಿದ್ದಾಳೆ.

ಅಳತೆ ಸರಳ. ಆಟದ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬ ಸಂಖ್ಯೆ ಪರದೆಯ ಮೂಲೆಯಲ್ಲಿ ಬರುತ್ತಿರುತ್ತದೆ. ಮೂವತ್ತರ ಮೇಲಿದ್ದರೆ ಹೊಳೆ ಹರಿದ ಹಾಗೆ. ಇಪ್ಪತ್ತಕ್ಕೆ ಇಳಿದರೆ ಎಡವುತ್ತದೆ. ಹತ್ತಕ್ಕೆ ಬಂದರೆ ಅದು ಆಟವಲ್ಲ, ಮದುವೆಯ ಆಲ್ಬಮ್ ತಿರುವಿದ ಹಾಗೆ.

ಈ ಸಲ ತೂಗಬೇಕಾಗಿದ್ದದ್ದು ವಿಮಾನ ಹಾರಿಸುವ ಹೊಸ ಆಟ. ಭೂಮಿಯ ಮೇಲಿನ ಪ್ರತಿಯೊಂದು ಕಟ್ಟಡವೂ ಇದರಲ್ಲಿದೆ ಎಂದು ಕಂಪನಿ ಎರಡು ವರ್ಷದಿಂದ ಡಂಗುರ ಹೊಡೆಯುತ್ತಿತ್ತು. ಆ ಡಂಗುರವನ್ನು ಅವಳಿಗಿಂತ ಹೆಚ್ಚು ಗಮನವಿಟ್ಟು ಕೇಳಿದವರು ಅವಳ ಮಾವ.

ಮಾವ ಮೂವತ್ತೆಂಟು ವರ್ಷ ಬಂದರಿನಲ್ಲಿ ಕ್ರೇನ್ ನಡೆಸಿದವರು. ಬಂದರಿನ ಗೋಡೆಯ ಆಚೆಗೇ ವಿಮಾನ ಇಳಿಯುವ ದಾರಿ. ದಿನಕ್ಕೆ ಮೂವತ್ತು ನಲವತ್ತು ವಿಮಾನ ಅವರ ನೆತ್ತಿಯ ಮೇಲೆ ಹೊಟ್ಟೆ ತೋರಿಸಿಕೊಂಡು ಇಳಿಯುತ್ತಿದ್ದವು. ಕ್ಯಾಬಿನ್ನಿನಿಂದ ಚಕ್ರ ಎಣಿಸಬಹುದಿತ್ತು. ಒಂದನ್ನೂ ಅವರು ಹತ್ತಿದವರಲ್ಲ. ಈಗ ಮೊಣಕಾಲು ಕೈಕೊಟ್ಟಿದೆ. ಮೂರನೆಯ ಮಹಡಿಯ ಮನೆಯಿಂದ ಕೆಳಗಿಳಿಯುವುದು ತಿಂಗಳಿಗೊಮ್ಮೆ, ಡಾಕ್ಟರ ಬಳಿಗೆ. ಮಧ್ಯಾಹ್ನ ಅಜ್ಜಿ ಖಾಲಿಯಿದ್ದಾಗ ಅದರ ಮುಂದೆ ಕೂತು ವಿಮಾನ ಹಾರಿಸುವ ಹಳೆಯ ಆಟವೊಂದನ್ನು ಆಡುತ್ತಾರೆ. ಆ ಆಟದಲ್ಲಿ ಬಂದರು ಅಂದರೆ ಒಂದು ಬೂದು ಬಣ್ಣದ ಚೌಕ, ಅಷ್ಟೇ. ಹೊಸ ಆಟದ ಜಾಹೀರಾತಿನಲ್ಲಿ ಅದೇ ಬಂದರು ಕಂಡಿತು. ಎಡದಿಂದ ಮೂರನೆಯದಾಗಿ ಹಳದಿ ಕ್ರೇನ್ ನಿಂತಿತ್ತು. ಅವರದೇ. ಆ ಚಿತ್ರವನ್ನು ಕತ್ತರಿಸಿ ಔಷಧಿಯ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಕೊಂಡಿದ್ದರು.

"ಒಂದೇ ಒಂದು ಸಲ ಮೇಲಿಂದ ಬಂದು ಅದರ ತಲೆ ಮೇಲೆ ಹಾದು ಇಳೀಬೇಕು," ಎನ್ನುತ್ತಿದ್ದರು. "ಅಷ್ಟು ವರ್ಷ ವಿಮಾನದವರು ನನ್ನ ನೆತ್ತಿ ನೋಡಿದ್ದಾರೆ. ನಾನೂ ನೋಡ್ತೀನಿ."

ಸೋಮವಾರ ಬೆಳಿಗ್ಗೆ ಆಟದ ಜೊತೆ ಕಂಪನಿಯ ಕಾಗದವೂ ಬಂತು. ಇಂಥ ದ್ವೀಪದಿಂದ ಹೊರಡಿ, ಬೆಳಗಿನ ಹತ್ತು ಗಂಟೆ ಇರಲಿ, ಆಕಾಶ ತಿಳಿಯಾಗಿರಲಿ, ನೇರವಾಗಿ ಇಪ್ಪತ್ತು ನಿಮಿಷ ಹಾರಿ. ಎಲ್ಲ ಪತ್ರಿಕೆಗಳೂ ಹೀಗೇ ಅಳೆದರೆ ಹೋಲಿಕೆಗೆ ಅನುಕೂಲ. ಇಂಥ ಕಾಗದಗಳನ್ನು ಅವಳು ಸಾಮಾನ್ಯವಾಗಿ ಕಸದ ಬುಟ್ಟಿಗೆ ಹಾಕುತ್ತಾಳೆ. ಈ ಸಲ ಹಾಕಲಿಲ್ಲ. ಮೇಲೇರಿಸಿ ಬಿಟ್ಟರೆ ವಿಮಾನ ತಾನಾಗಿ ಹಾರುತ್ತದೆ, ಕೈ ಬಿಡುವಾಗುತ್ತದೆ, ಸಂಖ್ಯೆ ಬರೆದುಕೊಳ್ಳಲು ಸಲೀಸು. ಮೂರು ಸುತ್ತು ಹಾರಿಸಿದಳು. ನಲವತ್ತೆಂಟು, ನಲವತ್ತೇಳು, ನಲವತ್ತೈದು. ಅಜ್ಜಿ ಬೆವರಲಿಲ್ಲ. ಮಧ್ಯಾಹ್ನದೊಳಗೆ ಬರೆದು ಕಳಿಸಿಯೂ ಆಯಿತು: ಮನೆಯಲ್ಲಿ ಓಡುತ್ತದೆ.

ಮಂಗಳವಾರ ಮಾವನ ಸರದಿ. ಅವರು ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ತೊಟ್ಟು ಬಂದು ಕೂತರು.

"ಎಲ್ಲಿಗೆ ಹೊರಟಿರಿ ಮಾವ?" ಬಟ್ಟೆ ಮಡಚುತ್ತಿದ್ದ ಅವಳು ಕೇಳಿದಳು.

"ಡ್ಯೂಟಿಗೆ."

ಸಮುದ್ರದ ಮೇಲೆ ಎಲ್ಲವೂ ಸೊಗಸಾಗಿತ್ತು. ನೀರು ನೀರಿನ ಹಾಗೆಯೇ ಇತ್ತು. ದಡ ಕಂಡಿತು, ನಗರ ಕಂಡಿತು. ಮಾವ ಕುರ್ಚಿಯಲ್ಲಿ ಮುಂದೆ ಸರಿದರು. ಆಗ ಗೂಡಿನೊಳಗೆ ಫ್ಯಾನು ಕಿರುಗುಟ್ಟತೊಡಗಿತು. ಚಿತ್ರ ಒಮ್ಮೆ ನಿಂತಿತು, ಹಾರಿತು, ಮತ್ತೆ ನಿಂತಿತು. ಎಂಜಿನ್ನಿನ ಸದ್ದು ಮಾತ್ರ ಎಗ್ಗಿಲ್ಲದೆ ಮುಂದುವರಿಯಿತು. ಮಾವ ಜಾಯ್‌ಸ್ಟಿಕ್ಕಿನ ಕೋಲನ್ನು ಎಡಕ್ಕೆ ಎಳೆದರು. ವಿಮಾನ ಎಡಕ್ಕೆ ವಾಲಿದ್ದು ಅವರು ಬಲಕ್ಕೆ ತಂದ ಮೇಲೆ. ಮುಂದಿನ ಚಿತ್ರ ಬರುವಷ್ಟರಲ್ಲಿ ವಿಮಾನ ಬಂದರಿನ ಕೊಳಕು ನೀರಿನಲ್ಲಿ ತಲೆಕೆಳಗಾಗಿತ್ತು.

ನಾಲ್ಕು ಸಲ ಪ್ರಯತ್ನಿಸಿದರು. ನಾಲ್ಕನೆಯ ಸಲ ಚಿತ್ರ ನಿಂತದ್ದು ಸರಿಯಾಗಿ ಹಳದಿ ಕ್ರೇನಿನ ಮುಂದೆ. ಹತ್ತಿರದಿಂದ ನೋಡಿದರೆ ಅದರ ಕಾಲುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕ್ಯಾಬಿನ್ ಮೇಲಿರಬೇಕಾದದ್ದು ಮೊಣಕಾಲಿನ ಎತ್ತರದಲ್ಲಿ ಗಂಟಿನ ಹಾಗೆ ಊದಿಕೊಂಡಿತ್ತು.

ಮಾವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಕ್ರೇನಾ, ಕರಗಿದ ಮೇಣದಬತ್ತಿನಾ?"

ಅವಳ ಕಣ್ಣು ಪರದೆಯ ಮೂಲೆಯಲ್ಲಿತ್ತು. ಅಲ್ಲಿ ಏಳು ಎಂದಿತ್ತು.

"ಮಗಳೇ, ಇದನ್ನ ಓಡುತ್ತೆ ಅಂತ ಬರೆದೆಯಾ?"

"ನಲವತ್ತೇಳು ಬಂದಿತ್ತು ಮಾವ."

"ಎಲ್ಲಿ?"

"ಮೇಲೆ. ಸಮುದ್ರದ ಮೇಲೆ."

"ಇಳಿಸಿದೆಯಾ?"

"ಇಳಿಸೋದು ಅಳತೆಯಲ್ಲಿಲ್ಲ."

ಮಾವ ಕುರ್ಚಿ ತಿರುಗಿಸಿ ಅವಳತ್ತ ನೋಡಿದರು. ಅವರು ದನಿ ಏರಿಸುವ ಮನುಷ್ಯರಲ್ಲ. ಎತ್ತರದಲ್ಲಿ ಕೂತು ಕೈಸನ್ನೆಯಲ್ಲೇ ಮಾತಾಡಿ ಅಭ್ಯಾಸ. "ನಮ್ಮಲ್ಲೂ ಒಬ್ಬ ತಪಾಸಣೆಯವನು ಬಂದಿದ್ದ. ಟೀ ಕುಡಿದ, ಖಾಲಿ ಕೊಕ್ಕೇನ ಮೇಲೆ ಎತ್ತಿಸಿದ, ಕೆಳಗೆ ಇಳಿಸಿದ, ಕ್ರೇನ್ ಪಾಸು ಅಂತ ಸಹಿ ಹಾಕಿದ. ನಾನು ಆ ಕಾಗದದಲ್ಲಿ ಗ್ರೀಸ್ ಒರೆಸಿ ಬಿಸಾಕ್ದೆ. ಮರಳಿನ ಮೂಟೆ ಕಟ್ಟಿಸಿ ಅವನ ಮುಂದೇನೇ ಎತ್ತಿದೆ. ನಡುದಾರೀಲಿ ಬ್ರೇಕು ಜಾರ್ತು. ಕೆಳಗೆ ಯಾರೂ ಇರಲಿಲ್ಲ, ಅವನ ಪುಣ್ಯ." ಅವರು ಎದ್ದರು. "ನೀನೂ ಖಾಲಿ ಕೊಕ್ಕೆ ಎತ್ತಿದ್ದೀಯ ಅಷ್ಟೇ."

ಅನ್ನದಲ್ಲಿ ಕೂದಲು ಸಿಕ್ಕಾಗ ಆಗುವಂಥದ್ದೇನೋ ಅವಳಿಗೆ ಆಯಿತು. ಹನ್ನೊಂದು ವರ್ಷದಲ್ಲಿ ಇದಕ್ಕೂ ಮೊದಲು ಐದು ವಿಮಾನದ ಆಟಗಳನ್ನು ತೂಗಿದ್ದಾಳೆ. ಇಳಿಸುವುದು ಕಷ್ಟ, ಕಲಿಯಬೇಕು, ಹೊತ್ತು ಹಿಡಿಯುತ್ತದೆ; ಆದ್ದರಿಂದ ಅವಳ ಎಲ್ಲ ವಿಮಾನಗಳೂ ಆಕಾಶದಲ್ಲೇ ಉಳಿದಿದ್ದವು. ಇಪ್ಪತ್ತು ನಿಮಿಷ ಮುಗಿದೊಡನೆ ಆಟ ಮುಚ್ಚಿ ಎದ್ದು ಹೋಗಿದ್ದಳು. ಕಂಪನಿಯವರಿಗೆ ಇದು ಗೊತ್ತಿತ್ತು. ಅವಳಂಥವರು ಹೇಗೆ ಅಳೆಯುತ್ತಾರೆ, ಎಲ್ಲಿ ಸೋಮಾರಿಗಳಾಗುತ್ತಾರೆ ಎಂದು ಲೆಕ್ಕ ಹಾಕಿಯೇ ಆ ಕಾಗದ ಬರೆದಿದ್ದರು. ಅವಳ ಕಣ್ಣಿಗೆ ಮಣ್ಣೆರಚಬೇಕಾಗಿಯೂ ಬಂದಿರಲಿಲ್ಲ. ಅವಳೇ ಕಣ್ಣು ಮುಚ್ಚಿಕೊಂಡು ಕೈ ನೀಡಿದ್ದಳು.

ಸಂಜೆಯವರೆಗೆ ಕೂತು ಮತ್ತೆ ತೂಗಿದಳು. ನಗರ ಹತ್ತಿರ ಬಂದಂತೆಲ್ಲ ಅಷ್ಟೂ ಕಟ್ಟಡಗಳನ್ನು ಹೊರುವ ಜಾಗ ಅಜ್ಜಿಯ ಮೆಮೊರಿಯಲ್ಲಿರಲಿಲ್ಲ. ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತ ಏದುಸಿರು ಬಿಡುತ್ತಿತ್ತು. ನೆರಳು ತೆಗೆದಳು, ಮೋಡ ತೆಗೆದಳು, ಮರಗಳನ್ನು ಬೋಳಿಸಿದಳು. ಹನ್ನೊಂದು. ಎಲ್ಲವನ್ನೂ ತೆಗೆದು, ನಗರ ರಟ್ಟಿನ ಪೆಟ್ಟಿಗೆಗಳ ರಾಶಿಯಾದ ಮೇಲೂ ಹದಿನಾಲ್ಕು. ಹನ್ನೊಂದು ವರ್ಷದಲ್ಲಿ ಇಷ್ಟು ಹೊಲಸು ಕೆಲಸವನ್ನು ಇಷ್ಟು ಚೆಂದದ ಡಬ್ಬಿಯಲ್ಲಿ ಹಾಕಿ ಕೊಟ್ಟದ್ದು ಅವಳಿಗೆ ನೆನಪಿಲ್ಲ.

ಬುಧವಾರ ನಾಲ್ಕು ಗಂಟೆಗೆ ಪುಟಗಳು ಅಚ್ಚಿಗೆ ಹೋಗಬೇಕು. ಅವಳು ಬೆಳಿಗ್ಗೆಯೇ ಅಜ್ಜಿಯನ್ನು ಗೂಡಿನಿಂದ ಎಳೆದು, ತೊಡೆಯ ಮೇಲೆ ಇಟ್ಟುಕೊಂಡು ಟ್ಯಾಕ್ಸಿಯಲ್ಲಿ ಆಫೀಸಿಗೆ ಹೋದಳು. ಎರಡನೆಯ ನಿಯಮ ಮುರಿದದ್ದು ಅದೇ ಮೊದಲು. ಸಂಪಾದಕರ ಕೋಣೆಯ ಗೋಡೆಗೆ ಹೊಸ ಸಂಚಿಕೆಯ ಮುಖಪುಟ ಅಂಟಿಸಿದ್ದರು. ನೀಲಿ ಆಕಾಶ, ಬಿಳಿ ವಿಮಾನ, ದಪ್ಪ ಅಕ್ಷರ: ಆಕಾಶವೇ ನಿಮ್ಮ ಮನೆಗೆ.

"ಏನ್ರೀ ತಕ್ಕಡಿಯವರೇ, ಮನೆ ಖಾಲಿ ಮಾಡಿಕೊಂಡು ಬಂದಿರಾ?" ಎಂದರು ಸಂಪಾದಕರು.

ಅವಳು ಪೆಟ್ಟಿಗೆಯನ್ನು ಅವರ ಮೇಜಿನ ಕೆಳಗೆ, ಬೆನ್ನು ಗೋಡೆಗೆ ಒತ್ತುವಂತೆ ತಳ್ಳಿದಳು. "ಇಳಿಸಿ ನೋಡಿ ಸಾರ್."

ಸಂಪಾದಕರಿಗೆ ಆಟದಲ್ಲಿ ಎತ್ತಿದ ಕೈ. ಅಂಗಿಯ ತೋಳು ಮಡಚಿ ಕೂತರು. ಮೊದಲ ಸಲ ನೀರಿಗೆ ಬಿದ್ದಾಗ ಕೋಲು ಸರಿಯಿಲ್ಲ ಎಂದರು. ಎರಡನೆಯ ಸಲ ಕುರ್ಚಿ ಸರಿಯಿಲ್ಲ ಎಂದರು. ಮೂರನೆಯ ಸಲ ಕೋಲನ್ನು ಮೇಜಿನ ಮೇಲಿಟ್ಟರು.

"ತುಸು ತಡವರಿಸುತ್ತೆ," ಎಂದರು ಕೊನೆಗೆ.

"ಏಳು ಬರ್ತಿದೆ ಸಾರ್. ಇದಕ್ಕೆ ತುಸು ಅಂತಾರಾ?"

"ಕಂಪನಿಯವರು ಆಟಕ್ಕೆ ತೇಪೆ ಹಾಕಿ ಸರಿಮಾಡ್ತೀವಿ ಅಂದಿದ್ದಾರೆ. ಒಂದು ತಿಂಗಳು."

"ಹಾಕಿದ ದಿನ ತೇಪೇನೂ ತೂಗೋಣ."

"ಸೋಮವಾರ ಓಡುತ್ತದೆ ಅಂತ ಬರೆದುಕೊಟ್ಟಿದ್ದು ಯಾರು? ನಾನಾ?"

"ನಾನೇ. ಅದನ್ನೂ ಬರೆದಿದ್ದೀನಿ." ಅವಳು ಹೊಸ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಸಂಪಾದಕರು ಓದಿದರು. ಮೊದಲ ಪ್ಯಾರಾ ಅವಳ ತಪ್ಪಿನದೇ ಆಗಿತ್ತು: ಕಂಪನಿ ಹೇಳಿದ ದಾರಿಯಲ್ಲಿ ಹಾರಿಸಿದೆ, ಇಳಿಸಲಿಲ್ಲ, ಹಿಂದಿನ ಐದು ಆಟಗಳಲ್ಲೂ ಇಳಿಸಿರಲಿಲ್ಲ, ಇದನ್ನು ಹಿಡಿದದ್ದು ನಾನಲ್ಲ, ಮನೆಯಲ್ಲಿರುವ ನಿವೃತ್ತ ಕ್ರೇನ್ ಚಾಲಕರು. ಅವರು ಹಾಳೆಯನ್ನು ಬೆರಳ ತುದಿಯಲ್ಲಿ ಹಿಡಿದು, ಒದ್ದೆ ಬಟ್ಟೆ ಕೆಳಗಿಡುವ ಹಾಗೆ ಇಟ್ಟರು.

"ನಮ್ಮ ಕೊಳೆ ನಾವೇ ಬೀದಿಗೆ ಚೆಲ್ಲೋದಾ? ಒಂದು ಕೆಲಸ ಮಾಡೋಣ. ಈ ಸಲ ನಿಮ್ಮ ಅಂಕಣವೇ ಬೇಡ. ರಜೆ ಅಂತ ಒಂದು ಸಾಲು ಹಾಕಿಬಿಡ್ತೀನಿ. ನಿಮ್ಮ ಮಾನವೂ ಉಳೀತು, ನನ್ನ ಮುಖಪುಟವೂ ಉಳೀತು."

ಅವಳು ತಕ್ಷಣ ಬೇಡ ಎನ್ನಲಿಲ್ಲ. ಮಾತು ಹಿತವಾಗಿತ್ತು. ಹನ್ನೊಂದು ವರ್ಷದ ಹೆಸರಿಗೆ ಸಣ್ಣ ಗೀರೂ ಬೀಳದೆ ಮನೆಗೆ ಹೋಗಬಹುದಿತ್ತು. ಆ ಹಿತವೇ ಅವಳಿಗೆ ಹೇಸಿಗೆ ತರಿಸಿತು. ಗೋಡೆಯ ಮೇಲಿನ ಮುಖಪುಟ ನೋಡಿದಳು.

"ನಾನು ಸುಮ್ಮನಿದ್ರೆ ಆ ನೀಲಿ ಬಣ್ಣ ಒಂದೇ ಮಾತಾಡುತ್ತೆ ಸಾರ್. ಜನ ಅದನ್ನೇ ನಂಬಿ ತರ್ತಾರೆ. ಹಾಕೋದಾದ್ರೆ ಇದನ್ನ ಹಾಕಿ. ಇಲ್ಲ ಅಂದ್ರೆ ಆ ತಕ್ಕಡಿ ಚಿತ್ರಾನ ಇನ್ನು ಮುಂದೆ ಎಲ್ಲೂ ಹಾಕಬೇಡಿ. ನಾನೂ ಬರಲ್ಲ."

ಸಂಪಾದಕರು ಮುಖ ಸಿಂಡರಿಸಿದರು. ಕೆಳಗೆ ಅಜ್ಜಿಯ ಫ್ಯಾನು ಇನ್ನೂ ಕಿರುಗುಟ್ಟುತ್ತಿತ್ತು. "ಮೊದಲು ಅದನ್ನ ಆರಿಸಿ ಮಾರಾಯ್ರೇ, ತಲೆ ತಿನ್ನುತ್ತೆ," ಎಂದರು. ಆಮೇಲೆ ಹಾಳೆಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ನಲವತ್ನಾಲ್ಕು ಎಂದು ಬರೆದರು. ಹತ್ತೊಂಬತ್ತನೆಯ ಪುಟದಿಂದ ನಲವತ್ನಾಲ್ಕಕ್ಕೆ, ಸೊಳ್ಳೆ ಬತ್ತಿಯ ಜಾಹೀರಾತಿನ ಆಚೆಗೆ.

ಶನಿವಾರ ಸಂಚಿಕೆ ಬಂತು. ಮುಖಪುಟದ ಆಕಾಶ ಹಾಗೆಯೇ ಇತ್ತು. ನಲವತ್ನಾಲ್ಕನೆಯ ಪುಟದ ಕೆಳತುದಿಯಲ್ಲಿ, ಮೊದಲಿಗಿಂತ ಸಣ್ಣ ಅಕ್ಷರದಲ್ಲಿ, ಅವಳ ಮಾತೂ ಹಾಗೆಯೇ ಇತ್ತು, ತಪ್ಪಿನ ಪ್ಯಾರಾ ಸಮೇತ: ಮನೆಯಲ್ಲಿ ಓಡುವುದಿಲ್ಲ. ಮಾವ ಭೂತಗನ್ನಡಿ ಹಿಡಿದು ಎರಡು ಸಲ ಓದಿದರು.

"ಕ್ರೇನ್ ಚಾಲಕರು ಅಂತ ಹಾಕಿದ್ದೀಯ. ಹಿರಿಯ ಅಂತ ಒಂದು ಪದ ಸೇರಿಸೋಕೆ ಜಾಗ ಇರಲಿಲ್ವಾ?"

"ಸೊಳ್ಳೆ ಬತ್ತಿಗೆ ಬೇಕಿತ್ತಂತೆ ಮಾವ."

ಅವರು ಮುಖಪುಟವನ್ನು ನೀಟಾಗಿ ಹರಿದು, ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿನ ಕೆಳಗೆ ತುರುಕಿದರು. ಔಷಧಿಯ ಡಬ್ಬಿಯ ಮೇಲಿನ ಚಿತ್ರವನ್ನು ಉಗುರಿನಿಂದ ಕೆರೆದು ತೆಗೆದರು. ಅದು ಪೂರ್ತಿ ಬರಲಿಲ್ಲ; ಹಳದಿಯ ಒಂದು ಚೂರು ಮುಚ್ಚಳಕ್ಕೇ ಉಳಿಯಿತು. ಹೊಸ ಆಟವನ್ನು ಅಜ್ಜಿಯಿಂದ ಅಳಿಸಿ ಹಾಕಿದ ಮೇಲೆ ಹಳೆಯದನ್ನು ತೆರೆದರು. ವಿಮಾನ ಸಮುದ್ರದ ಮೇಲೆ ಬಂತು, ಬೂದು ಚೌಕದ ಮೇಲೆ ಹಾದುಹೋಯಿತು, ಒಮ್ಮೆಯೂ ಎಡವದೆ ನೆಲಕ್ಕೆ ತಾಗಿತು. ಚೌಕದಲ್ಲಿ ಕ್ರೇನ್ ಇರಲಿಲ್ಲ.

ಅವಳು ಅಜ್ಜಿಯ ಹಣೆಯ ಮೇಲಿನ ಕಾಗದಕ್ಕೆ ಪೆನ್ನಿನಿಂದ ಎಂಟನೆಯ ನಿಯಮ ಬರೆಯುತ್ತಿದ್ದಳು: ಇಳಿಸಿಯೇ ತೂಗಬೇಕು. ಮಾವ ಬಗ್ಗಿ ಓದಿ ಕುರ್ಚಿ ಬಿಟ್ಟುಕೊಟ್ಟರು.

"ಹಾಗಾದ್ರೆ ಕೂತ್ಕೋ."

"ಈಗಲಾ? ಕೆಲಸ ಇದೆ ಮಾವ."

"ಇದೇ ಕೆಲಸ."

ಅವಳು ಕೂತಳು. ಕೋಲು ಹಿಡಿದಳು. ದಡ ಬಂತು, ಬೂದು ಚೌಕ ಬಂತು, ಅದರ ಹಿಂದೆಯೇ ನೆಲ ಅತಿ ಬೇಗ ಬಂತು.

"ಅಷ್ಟು ಬಿಗಿಯಾಗಿ ಹಿಡೀಬೇಡ. ಅದೇನು ಪೊರಕೆ ಅಂದ್ಕೊಂಡಿದ್ದೀಯಾ?"

ವಿಮಾನ ನೀರಿಗೆ ಬಿತ್ತು. ಮಾವ ಪಕ್ಕದ ಸ್ಟೂಲು ಎಳೆದುಕೊಂಡು, ಮೊಣಕಾಲು ಚಾಚಿ ಕೂತರು.

"ಇನ್ನೊಂದು ಸಲ," ಎಂದರು.