ಮತ್ತೆ ಒಗೆದ ಬಟ್ಟೆಗಳು

ನನಗೆ ಗಾಜು ಒರೆಸುವ ಕೆಲಸ ಕಲಿಸಿದವಳು ಯಗಟಿಯಿಂದ ದಿನಾ ಬೆಳಗಿನ ಬಸ್ಸಿಗೆ ಕಡೂರಿಗೆ ಬರುತ್ತಿದ್ದ ಒಬ್ಬ ಹೆಂಗಸು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ನಾನು ಅಕ್ಕ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ನಾನು ಒಂದು ಕಲ್ಯಾಣಮಂಟಪದಲ್ಲಿ ಕಸ ಗುಡಿಸಿಕೊಂಡಿದ್ದೆ. ಅಲ್ಲಿನ ಎತ್ತರದ ಕಿಟಕಿಗಳನ್ನು ಒರೆಸಲು ಬಂದ ಅವಳು ಏಣಿ ಹಿಡಿದುಕೊಳ್ಳಲು ನನ್ನನ್ನು ಕರೆದಳು. ಕೆಲಸ ಮುಗಿದ ಮೇಲೆ, “ಏಣಿ ಅಲುಗಾಡಿಸ್ದೆ ಹಿಡ್ಕೊಳ್ಳೋರು ಸಿಗೋದು ಕಷ್ಟ ಕಣೇ. ನನ್ ಜೊತೆ ಬತ್ತೀಯಾ?” ಎಂದಳು. ಹೋದೆ. ಒಂಬತ್ತು ವರ್ಷ ಹೋದೆ.

ಕಡೂರಿನಲ್ಲಿ ಬೈಕು ಶೋರೂಮು, ಕಣ್ಣಿನ ಕ್ಲಿನಿಕ್ಕೊಂದು, ಎರಡು ಬಟ್ಟೆ ಅಂಗಡಿ. ಗುರುವಾರ ತರೀಕೆರೆ, ಶನಿವಾರ ಅಜ್ಜಂಪುರ. ಕೊಬ್ಬರಿ ಮಂಡಿಯ ಹತ್ತಿರದ ಗಾಜಿಗೆ ಜಿಡ್ಡು ಕೂತಿರುತ್ತಿತ್ತು, ಹೆದ್ದಾರಿ ಬದಿಯದಕ್ಕೆ ಧೂಳು. ಯಾವುದಕ್ಕೆ ಯಾವ ಬಟ್ಟೆ ಎಂಬುದರಲ್ಲಿ ಅಕ್ಕನ ಮಾತೇ ಕೊನೆ. ಹೊಸ ಟವೆಲು ಕೊಂಡರೆ ನಗುತ್ತಿದ್ದಳು, ಅದು ಗಾಜಿನ ಮೇಲೆ ಎಳೆ ಉದುರಿಸುತ್ತದೆ. ಅವಳಿಗೆ ಬೇಕಾದದ್ದು ನೂರು ಸಲ ಒಗೆದು ಸವೆದ ನೂಲಿನ ಪಂಚೆ. ಹಳೆ ಬಟ್ಟೆ ಮಾರುವವನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಂಚಿನಿಂದ ಒಂದೆಳೆ ಕಿತ್ತು ಬೆಂಕಿಕಡ್ಡಿ ತಾಗಿಸುವಳು. ಬೂದಿಯಾದರೆ ನೂಲು, ಮುದ್ದೆಗಟ್ಟಿದರೆ ಬೆರಕೆ. “ಬೆರಕೆ ಬಟ್ಟೆ ನೀರು ಕುಡಿಯಲ್ಲ ಕಣೇ, ಬರೀ ಅತ್ಲಾಗಿಂದ ಇತ್ಲಾಗೆ ತಳ್ತದೆ.” ಆಮೇಲೆ ಮೈಕ್ರೋಫೈಬರ್ ಬಟ್ಟೆಗಳು ಬಂದವು. ಮೊದಲು ಮೂಗು ಮುರಿದಳು. ಒಂದು ವಾರ ಉಪಯೋಗಿಸಿ ನೋಡಿ, ಒಳ್ಳೆಯದೇ ಎಂದು ಒಪ್ಪಿಕೊಂಡಳು.

ಒಗೆಯುವುದರಲ್ಲಿ ಇನ್ನೂ ಬಿಗಿ. ಚೌಕಟ್ಟು ಒರೆಸಿದ್ದನ್ನು ಗಾಜು ಒರೆಸಿದ್ದರ ಜೊತೆ ನೆನೆಸುವಂತಿಲ್ಲ. ಮೈಕ್ರೋಫೈಬರನ್ನು ನೂಲಿನ ಜೊತೆ ಹಾಕಿದರೆ ಎಳೆಯನ್ನೆಲ್ಲ ಹಿಡಿದುಕೊಳ್ಳುತ್ತದೆ. ಪರಿಮಳಕ್ಕೆಂದು ಹಾಕುವ ದ್ರಾವಣವಂತೂ ಕೂಡದು, ಬಟ್ಟೆ ಮೆತ್ತಗಾಗಿ ಗಾಜಿನ ಮೇಲೆ ಪೊರೆ ಬಿಡುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡುಸು, ಸೋಪು ಬೇಗ ಬಿಡುವುದಿಲ್ಲ. ನಾಲ್ಕು ಸಲ ಜಾಲಿಸಬೇಕು, ಪ್ರತಿ ಸಲವೂ ಕೊನೆಯ ತೊಟ್ಟಿನವರೆಗೆ ಹಿಂಡಬೇಕು. ಅವಳು ಹಿಂಡಿದ ಬಟ್ಟೆ ಒದರಿದರೆ ಚಟ್ಟನೆ ಸದ್ದಾಗುತ್ತಿತ್ತು.

ಒಂದು ಬೆಳಿಗ್ಗೆ ಯಗಟಿ ಬಸ್ಸಿನಿಂದ ಅವಳು ಇಳಿಯಲಿಲ್ಲ. ಹಟ್ಟಿಯಲ್ಲಿ ಕುರಿ ಬಿಡುವಾಗ ಬಿದ್ದಳೆಂದು ಮಗ ಫೋನು ಮಾಡಿದ. ಪಾರ್ಶ್ವವಾಯು. ಬಲಗಾಲು ಮೂರು ತಿಂಗಳಲ್ಲಿ ಎಳೆದುಕೊಂಡು ನಡೆಯುವಷ್ಟು ಬಂತು, ಬಲಗೈ ಬರಲಿಲ್ಲ. ನೋಡಲು ಹೋದಾಗ ಗೋಡೆಗೆ ಒರಗಿ ಕೂತಿದ್ದಳು. ಸೊಸೆ ಅನ್ನ ಕಲಸಿ ಮುಂದಿಟ್ಟಳು. “ಮೂರು ಹೊತ್ತೂ ಕೂಸಿನಂಗೆ ಕೂತ್ಕೊಂಡು ತಿನ್ನೋದಾಯ್ತು,” ಎಂದಳು ಅಕ್ಕ, ನನ್ನ ಕಡೆ ನೋಡದೆ.

ಆಗ ನನಗೆ ಹೊಳೆಯಿತು. “ಅಕ್ಕ, ಬಟ್ಟೆ ನಿನಗೆ ಕಳಿಸ್ತೀನಿ. ಒಗ್ದು, ವಿಂಗಡಿಸಿ ಕೊಡು. ಒರೆಸೋದು, ಒಗೆಯೋದು ಎರಡೂ ನನ್ ಕೈಲಿ ಆಗ್ತಿಲ್ಲ.”

ಅದು ಪೂರ್ತಿ ಸುಳ್ಳೇನಲ್ಲ. ಅವಳ ಮುಖಕ್ಕೆ ಕಳೆ ಬಂದ ಹಾಗಾಯಿತು. ಅಂದಿನಿಂದ ಶನಿವಾರ ಸಂಜೆ ಮೈಲಿಗೆ ಬಟ್ಟೆಯ ಗಂಟನ್ನು ಯಗಟಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ, ಸೋಮವಾರ ಬೆಳಿಗ್ಗೆ ಒಗೆದ ಗಂಟು ಬರುತ್ತಿತ್ತು. ಮಡಿಕೆಗಳು ಸೊಟ್ಟಗಿದ್ದರೂ ವಿಂಗಡಣೆ ತಪ್ಪುತ್ತಿರಲಿಲ್ಲ.

ದೀಪಾವಳಿಯ ಹಿಂದಿನ ವಾರ ಕಣ್ಣಿನ ಕ್ಲಿನಿಕ್ಕಿನ ಗಾಜು ಒರೆಸಿ ಕೆಳಗಿಳಿದು ನೋಡಿದರೆ, ಬಿಸಿಲಿಗೆ ಉದ್ದಕ್ಕೂ ಬಿಳಿ ಗೀರು. ಮತ್ತೆ ಒರೆಸಿದೆ, ಗೀರು ಹೆಚ್ಚಾಯಿತು. ಬಟ್ಟೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಅದ್ದಿದೆ. ನೊರೆ ಎದ್ದಿತು. ಒಂಟಿ ಕೈಯಲ್ಲಿ ಹಿಂಡುವುದಾದರೂ ಹೇಗೆ? ಕಾಲಡಿ ಕಲ್ಲಿಗೆ ಒತ್ತಿ ನೀರು ತೆಗೆಯುತ್ತಿದ್ದಳೆಂದು ಆಮೇಲೆ ಸೊಸೆ ಹೇಳಿದಳು. ಕ್ಲಿನಿಕ್ಕಿನವರು, “ಏನಮ್ಮಾ, ಒರೆಸೋಕೆ ಮುಂಚೇನೇ ಚೆನ್ನಾಗಿತ್ತಲ್ಲ,” ಎಂದರು. ನಾನು ಅಕ್ಕನಿಗೆ ಹೇಳಲಿಲ್ಲ. ಸೋಮವಾರ ಬಂದ ಗಂಟನ್ನು ಮನೆಗೆ ಒಯ್ದು ಎಲ್ಲವನ್ನೂ ಇನ್ನೊಮ್ಮೆ ಜಾಲಿಸಿ ಹಿಂಡಿ ಒಣಗಿಸತೊಡಗಿದೆ. ಕೆಲಸ ಇಮ್ಮಡಿಯಾಯಿತು. ಆದರೂ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅದರಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಶಿವರಾತ್ರಿ ಕಳೆದಿತ್ತು. ಒಂದು ಸೋಮವಾರ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಜಾಲಿಸುತ್ತಿದ್ದೆ. ಹಿಂದೆ ಯಾರೋ ಕಾಲೆಳೆದ ಸದ್ದು. ಅಕ್ಕ. ಆಸ್ಪತ್ರೆಗೆ ತೋರಿಸಲು ಮಗನ ಜೊತೆ ಕಡೂರಿಗೆ ಬಂದವಳು, ಅವನನ್ನು ಔಷಧಿಯ ಸಾಲಿನಲ್ಲಿ ಬಿಟ್ಟು, ಒಬ್ಬಳೇ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಬೆಳಿಗ್ಗೆ ತಾನೇ ಕಳಿಸಿದ ಬಟ್ಟೆಗಳು ಬಕೆಟ್ಟಿನಲ್ಲಿ ತೇಲುತ್ತಿದ್ದವು. ಅವಳು ಬಗ್ಗಿ ಎಡಗೈಯಲ್ಲಿ ಒಂದನ್ನು ಎತ್ತಿ ನೋಡಿದಳು.

“ಎಷ್ಟು ದಿನದಿಂದ?”

“ಇವತ್ತೇ ಅಕ್ಕ, ಮಣ್ಣಿಗೆ ಬಿದ್ಬಿಟ್ಟಿತ್ತು...”

“ಸುಳ್ಳು ಹೇಳ್ಬೇಡ ಕಣೇ.”

“ದೀಪಾವಳಿಯಿಂದ,” ಎಂದೆ.

ಅವಳು ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು. ಕಲ್ಲಿನ ಮೇಲೆ ಕೂತಳು. “ಹೇಳ್ಬೋದಿತ್ತಲ್ಲೇ. ವಿಂಗಡಿಸೋದೊಂದೇ ಮಾಡ್ತಿದ್ದೆ. ಹರಿದದ್ದು ಬಿಟ್ಟು ಒಳ್ಳೇದು ಆರಿಸಿ ಕೊಡ್ತಿದ್ದೆ. ಅದಕ್ಕೆ ಎರಡು ಕೈ ಬೇಕಾ?” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಹೇಳಿ ಸರಿಮಾಡಿಕೊಳ್ಳುತ್ತಿದ್ದೆನೇನೋ. “ನಾಕು ತಿಂಗಳು ನಾನು ಕೆಲ್ಸ ಮಾಡ್ತಿದೀನಿ ಅಂದ್ಕೊಂಡಿದ್ದೆ.”

ಕಾಫಿ ಮಾಡಿಕೊಟ್ಟೆ, ಕುಡಿದಳು. ಮಗ ಬಂದು ಕರೆದುಕೊಂಡು ಹೋದ. ಆ ಶನಿವಾರ ಕೊಟ್ಟ ಗಂಟನ್ನು ಕಂಡಕ್ಟರ್ ಸೋಮವಾರ ಹಾಗೇ ವಾಪಸು ತಂದ. “ಬೇಡವಂತೆ ಕಣ್ರೀ, ಕೈನೋವಂತೆ.” ಮುಂದಿನ ವಾರ, ಆರಿಸಿಕೊಡು ಎಂದು ಕೇಳಲು, ಹಳೆ ಪಂಚೆಗಳನ್ನು ನಾನೇ ಹೊತ್ತು ಯಗಟಿಗೆ ಹೋದೆ. ಅಕ್ಕ ಮುಟ್ಟಲಿಲ್ಲ. ರಾಗಿ ಹೇಗೆ ಬಂತು, ಕುರಿ ಎಷ್ಟು ಮರಿ ಹಾಕಿತು, ಎಲ್ಲ ಹೇಳಿದಳು. ಗಾಜಿನ ಮಾತು ಮಾತ್ರ ಬರಲಿಲ್ಲ. ನಾನೂ ತೆಗೆಯಲಿಲ್ಲ. ಕ್ಷಮೆ ಕೇಳಬೇಕೆಂದು ಹೋದವಳು ಊಟ ಮಾಡಿ ಬಂದೆ. ಹೀಗೇ ಮೂರು ಸಲ ಹೋಗಿ ಬಂದೆ.

ಆಷಾಢದ ಒಂದು ಶನಿವಾರ ಅಜ್ಜಂಪುರದಲ್ಲಿ, ಒಂದು ಅಂಗಡಿಯ ಏಣಿಯ ಮೇಲಿದ್ದಾಗ ಫೋನು ಬಂತು. “ಅತ್ತೆ ಬೆಳಿಗ್ಗೆ ಹೋಗ್ಬಿಟ್ರು,” ಎಂದಳು ಸೊಸೆ. ಅರ್ಧ ಗಾಜಿಗೆ ಸೋಪು ಬಳಿದಿದ್ದೆ. ಹಾಗೇ ಬಿಟ್ಟರೆ ಒಣಗಿ ಕಲೆ ಕೂರುತ್ತದೆ. ನಾನು ಒರೆಸಿದೆ. ಪೂರ್ತಿ ಒರೆಸಿ, ಅಂಚು ಒಣಗಿಸಿ, ಏಣಿ ಒಳಗಿಟ್ಟು ನಿಲ್ದಾಣಕ್ಕೆ ಓಡಿದರೆ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನ ಬಸ್ಸಿಗೆ ಕಡೂರು, ಅಲ್ಲಿಂದ ಯಗಟಿ. ತಲುಪಿದಾಗ ತೋಟದ ಮೂಲೆಯಲ್ಲಿ ಮಣ್ಣು ಮಾಡಿ, ಜನ ಕೈಕಾಲು ತೊಳೆದುಕೊಳ್ಳುತ್ತಿದ್ದರು.

“ನೀವು ಬತ್ತೀರ ಅಂತ ಅರ್ಧ ಗಂಟೆ ಕಾದ್ವಿ,” ಎಂದ ಮಗ. “ಮಳೆ ಬರಂಗಾಯ್ತು, ಸ್ವಾಮಿಗಳು ಸಾಕು ಅಂದ್ರು.”

ಗಾಜು ಒರೆಸಿ ಮುಗಿಸಿಯೇ ಹೊರಟೆನೆಂದು ಅವನಿಗೆ ಹೇಳಲಾಗಲಿಲ್ಲ. ಬಸ್ಸು ತಪ್ಪಿತು ಎಂದೆ. ಹಸಿ ಮಣ್ಣಿನ ಹತ್ತಿರ ಹೋಗಿ ನಿಂತೆ. ಮಳೆ ಬಂದೇಬಂತು. ಸೊಸೆ ಕೊಡೆ ತಂದು ನನ್ನ ತಲೆಯ ಮೇಲೆ ಹಿಡಿದು, “ಒಳಗೆ ಬನ್ನಿ, ನೆನೀತೀರ,” ಎನ್ನುತ್ತಿದ್ದಳು.