ವಡಾಲದ ಡಬ್ಬಾ ಮನೆ

ದೆವ್ವ, ಪವಾಡ, ಶಕುನ ಎಂದು ಯಾರಾದರೂ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ಹೋಗುವವನು. ಹಳೆಯ ಕಟ್ಟಡಗಳನ್ನು ಕೆಡವಿಸುವ ಇಂಜಿನಿಯರ್ ಕೆಲಸ ನನ್ನದು. ಆಧಾರ ಇದ್ದದ್ದು ನಿಲ್ಲುತ್ತದೆ, ಇಲ್ಲದ್ದು ಬೀಳುತ್ತದೆ, ಇಷ್ಟೇ ನನ್ನ ವೇದಾಂತ. ಕೆಲವು ವರ್ಷಗಳ ಹಿಂದೆ ವಡಾಲದಲ್ಲಿ ಕಂಡದ್ದನ್ನು ಬರೆಯಲು ಇಷ್ಟು ದಿನ ಹಿಂಜರಿದದ್ದೂ ಅದಕ್ಕೇ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಬಂದರಿನ ಕಡೆಯ ಜಾಗದಲ್ಲಿ ಒಂದು ಉಕ್ಕಿನ ಮನೆ ಉಳಿದಿತ್ತು. ಎರಡನೆಯ ಮಹಾಯುದ್ಧ ಮುಗಿದು ಎಲ್ಲೆಲ್ಲೂ ಮನೆಗಳಿಗೆ ಬರ ಬಂದಾಗ, ವಿಲಾಯಿತಿಯ ಕಾರ್ಖಾನೆಯಲ್ಲಿ ತಯಾರಾಗಿ ಬಿಡಿಬಿಡಿಯಾಗಿ ಹಡಗಿನಲ್ಲಿ ಬಂದ ಮನೆಯಂತೆ. ಇಟ್ಟಿಗೆಯಿಲ್ಲ, ಸಿಮೆಂಟಿಲ್ಲ. ಆಳೆತ್ತರಕ್ಕೂ ಮೀರಿದ ಉಕ್ಕಿನ ಗೋಡೆಗಳು, ಅವನ್ನು ಒಂದಕ್ಕೊಂದು ಹಿಡಿದಿಟ್ಟ ಬೋಲ್ಟುಗಳು. ನೆರೆಯವರು ಡಬ್ಬಾ ಘರ್ ಎನ್ನುತ್ತಿದ್ದರು. ಅಲ್ಲಿ ವಿಜಯಪುರದ ಕಡೆಯ ಶಾಂತಕ್ಕ ಎಂಬ ವೃದ್ಧೆ, ಮಗಳು ರೇಖಾಳ ಜೊತೆ ಇದ್ದರು. ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ತಾಯಿ ಮಗಳಿಗೆ ಹತ್ತಿರದ ಹೊಸ ಬಿಲ್ಡಿಂಗಿನಲ್ಲಿ ಮನೆ ಸಿಕ್ಕಿತ್ತು.

ಅಳತೆಗೆಂದು ಮೊದಲ ಸಲ ಹೋದಾಗ ಶಾಂತಕ್ಕ ನನ್ನ ಧಾರವಾಡದ ಮಾತು ಕೇಳಿ ಹಿಗ್ಗಿ ಚಹಾ ಮಾಡಿಕೊಟ್ಟರು. "ಮದಿವಿ ಆಗಿ ಬಂದಾಗ ಈ ಡಬ್ಬಿಯೊಳಗ ಬೆಂದು ಸಾಯ್ತೀನಿ ಅಂತ ಅತ್ತಿದ್ದೆ ನೋಡಪಾ. ಈಗ ಬಿಡಾಕ ಮನಸು ಬರವಲ್ದು" ಎಂದು ನಕ್ಕರು. ಅವರ ಕಿವಿ ಸ್ವಲ್ಪ ಮಂದ. ನಾನು ಗಟ್ಟಿಯಾಗಿಯೇ ಮಾತಾಡಬೇಕಾಯಿತು.

ಅವರು ಮನೆ ಬಿಟ್ಟ ಮೇಲೆ ಕೆಡವುವ ಕೆಲಸ ಶುರುವಾಯಿತು. ಮೊದಲು ಛಾವಣಿ ತೆಗೆದರು. ಮುಂದಿನ ಗೋಡೆಯ ಹೊರಗೆ ರಸ್ತೆ ಇದ್ದುದರಿಂದ ಅದನ್ನು ಒಳಕ್ಕೇ ಬೀಳಿಸಬೇಕಿತ್ತು. ಒಳಗೆ ಯಾರೂ ಇಲ್ಲವೆಂದು ಕೆಲಸಗಾರರ ಮೇಸ್ತ್ರಿಯಾದ ಮುಕಾದಮ ನೋಡಿಬಂದ. ಅವಧಿಗೆ ಮೊದಲೇ ಒಳಕ್ಕೆ ಬೀಳದಿರಲೆಂದು ಗೋಡೆಯನ್ನು ಹಗ್ಗದಿಂದ ರಸ್ತೆಯಲ್ಲಿದ್ದ ಲಾರಿಗೆ ಬಿಗಿದು, ಬೋಲ್ಟುಗಳನ್ನೆಲ್ಲ ಕತ್ತರಿಸಿ ತೆಗೆದರು. ಖಾಲಿ ತೂತುಗಳಿಂದ ಬಿಸಿಲು ತೂರಿ ಬರತೊಡಗಿತು.

ಎಲ್ಲರೂ ಚಹಾ ಕುಡಿದು ಬಂದು, ಹಗ್ಗ ಬಿಚ್ಚಿ, ರಸ್ತೆಯ ಕಡೆಯಿಂದ ಬಿದಿರಿನ ಗಳುಗಳನ್ನು ಗೋಡೆಗೆ ಆನಿಸಿ ನೂಕಿದರು. ಗೋಡೆ ಅಲುಗಲಿಲ್ಲ. ಮತ್ತೆ ನೂಕಿದರು. ಒಂದು ಗಳು ಪಟ್ಟನೆ ಮುರಿಯಿತು.

"ಸಾಬ್, ಸಬ್ ಬೋಲ್ಟ್ ನಿಕಾಲಾ, ಫಿರ್ ಭೀ ಗಿರ್ತಾ ನಹೀ" ಎಂದ ಮುಕಾದಮ, ಬೋಲ್ಟೆಲ್ಲ ತೆಗೆದರೂ ಬೀಳುತ್ತಿಲ್ಲವೆಂದು. ಅವನ ದನಿ ಸಣ್ಣದಾಗಿತ್ತು.

ನಾನೇ ಹೋಗಿ ನೋಡಿದೆ. ಎರಡೂ ಮೂಲೆಗಳ ಸಂದಿನಲ್ಲಿ ನಾನು ತೂರಿಸಿದ ಉಕ್ಕಿನ ಅಳತೆಪಟ್ಟಿ ಸಲೀಸಾಗಿ ಮೇಲೆ ಕೆಳಗೆ ಓಡಾಡಿತು. ಬುಡವೂ ಬಿಡಿಯಾಗಿತ್ತು. ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿದ ಹಾಗೆ ಅಷ್ಟು ದೊಡ್ಡ ಗೋಡೆ ತಾನಾಗಿ ನಿಂತಿತ್ತು. ಹೆಗಲು ಕೊಟ್ಟು ನೂಕಿದೆ. ಆಚೆಯಿಂದ ಯಾರೋ ನನ್ನಷ್ಟೇ ಬಲವಾಗಿ ಒತ್ತಿ ಹಿಡಿದಂತಾಯಿತು. ಇದನ್ನು ಈಗ ನೆನೆದು ಸೇರಿಸುತ್ತಿಲ್ಲ. ಆಗಲೇ ಹಾಗೆ ಅನಿಸಿ ಹಿಂದೆ ಸರಿದೆ.

ಅಷ್ಟರಲ್ಲಿ ರೇಖಾ ಓಡುತ್ತ ಬಂದಳು. "ನಿಲ್ಸ್ರಿ ಸರ್! ಅವ್ವ ಮನ್ಯಾಗಿಲ್ಲ. ಇಲ್ಲಿ ಬಂದಾಳೇನ್ರಿ?"

ಗಳುಗಳನ್ನು ಅಲ್ಲೇ ಬಿಸಾಡಿ ಎಲ್ಲರೂ ಹಿತ್ತಿಲ ಬಾಗಿಲಿಗೆ ಓಡಿದೆವು.

ಶಾಂತಕ್ಕ ಅದೇ ಗೋಡೆಯ ಬುಡದಲ್ಲಿ, ಅದಕ್ಕೇ ಬೆನ್ನು ಕೊಟ್ಟು, ಕಾಲು ಚಾಚಿ ಕೂತಿದ್ದರು. ಕಣ್ಣು ಮುಚ್ಚಿತ್ತು. ನಾವು ಚಹಾಕ್ಕೆ ಹೋದಾಗ ಹಿಂದಿನಿಂದ ಬಂದಿದ್ದಾರೆ. ರೇಖಾ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಗೋಡೆಯ ಮೇಲೇ ಕಣ್ಣಿಟ್ಟು ಒಳಗೆ ನಡೆದು ಅವರ ತೋಳು ಹಿಡಿದೆ.

"ಹೊಸ ಮನ್ಯಾಗ ನಿದ್ದಿ ಹತ್ತಲಿಲ್ಲಪಾ. ಒಂಚೂರು ಕೂತು ಹೋಗೋಣಂತ ಬಂದೆ" ಎಂದರು, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನಂತೆ.

ಅವರ ಹೆಜ್ಜೆ ನಿಧಾನ. ಆ ಅಂಗಳದಷ್ಟು ಜಾಗ ದಾಟುವುದರೊಳಗೆ ನನ್ನ ಅಂಗಿ ಬೆವರಿನಿಂದ ತೊಯ್ದು ಹೋಗಿತ್ತು. ಬಾಗಿಲು ದಾಟಿಸಿ ರೇಖಾಳ ಕೈಗೆ ಒಪ್ಪಿಸಿ ತಿರುಗಿ ನೋಡಿದೆ. ಗೋಡೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಗೋಡೆ ಮೆಲ್ಲಗೆ ಬಾಗಿತು. ಆಮೇಲೆ ಉದ್ದಕ್ಕೂ ಒಮ್ಮೆಲೇ, ಅವರು ಕೂತಿದ್ದ ಜಾಗದ ಮೇಲೆ ಬಿತ್ತು. ನೆಲ ನಡುಗಿತು. ಉಳಿದ ಗೋಡೆಗಳು ದೊಡ್ಡ ಗಂಟೆಯಂತೆ ಎಷ್ಟೋ ಹೊತ್ತು ಗುಂಯ್‌ಗುಟ್ಟಿದವು. ಮುಕಾದಮ ಹೆಲ್ಮೆಟ್ ತೆಗೆದು ಎದೆಗೆ ಹಿಡಿದುಕೊಂಡ. ಆ ದಿನ ಯಾರೂ ಮತ್ತೆ ಕೆಲಸ ಮುಟ್ಟಲಿಲ್ಲ.

ನನ್ನ ಆಫೀಸಿನಲ್ಲಿ ಹೇಳಿದಾಗ, ತುಕ್ಕಿನಿಂದ ಎಲ್ಲೋ ಕಚ್ಚಿಕೊಂಡಿತ್ತು ಬಿಡಿ ಎಂದರು. ಇರಬಹುದು. ಆದರೆ ಗಳು ಮುರಿಯುವಂತೆ ನೂಕಿದಾಗ ಬಿಡದ ಹಿಡಿತ, ಯಾರೂ ಮುಟ್ಟದಿರುವಾಗ ಬಿಟ್ಟದ್ದು ಹೇಗೆ? ಬಿದ್ದ ಗೋಡೆಯನ್ನು ನಾನು ಅಂಚಿನುದ್ದಕ್ಕೂ ತಡಕಿದ್ದೇನೆ. ಕಚ್ಚಿದ ಗುರುತು ಒಂದೂ ಸಿಗಲಿಲ್ಲ.

ವಾರ ಕಳೆದು ಅವರ ಹೊಸ ಮನೆಗೆ ಹೋದೆ. "ನಾವು ಗ್ವಾಡಿ ನೂಕಿದ್ದು ನಿಮಗ ಗೊತ್ತಾಗ್ಲೇ ಇಲ್ಲೇನ್ರಿ ಶಾಂತಕ್ಕಾರ?" ಎಂದು ಕೇಳಿದೆ.

"ಬೆನ್ನಿಗೆ ಬೆಚ್ಚಗಿತ್ತಪಾ, ಅಷ್ಟ ಗೊತ್ತು" ಎಂದರು. ಆಮೇಲೆ ನನ್ನನ್ನೇ ನೋಡುತ್ತ, "ಯಾಕ ಬೀಳಲಿಲ್ಲ ಅನ್ನೂದು ನೀ ಹೇಳಬೇಕು. ಇಂಜಿನಿಯರ್ ನೀನ ಅಲ್ಲೇನು?" ಎಂದರು.

ಅವರು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು.