ಐದು ನಿಮಿಷದ ಹಾಡು

ರೇಣುಕಾ, ನೀನು ಹಾಡು ಬರೆದಿದ್ದ, ಬಟ್ಟೆ ಕಟ್ಟಿಗೆ ಸಿಕ್ಕಿಸುವ ಆ ಬಂಡಲ್ ಚೀಟಿಯನ್ನು ಮ್ಯಾನೇಜರ್ ಕೈಗೆ ಕೊಟ್ಟವಳು ನಾನೇ. ಯಾರೂ ಕಸಿದುಕೊಳ್ಳಲಿಲ್ಲ, ಹೆದರಿಸಲಿಲ್ಲ. ಪರ್ಸಿನಿಂದ ತೆಗೆದು, ಮಡಿಕೆ ಬಿಚ್ಚಿ ಕೊಟ್ಟೆ. ಥೂ — ಬರೆಯುವಾಗಲೂ ನನ್ನ ಮುಖಕ್ಕೆ ನಾನೇ ಉಗಿಯಬೇಕೆನಿಸುತ್ತದೆ.

ಬೊಮ್ಮನಹಳ್ಳಿಯ ಆ ಗಾರ್ಮೆಂಟ್ಸ್ ನೀನು ಮರೆತಿರಲಾರೆ. ಇಡೀ ಹೊಲಿಗೆ ಲೈನಿನ ಹೆಂಗಸರಿಗೆ ಒಂದೇ ಟೋಕನ್. ಅದು ಕೈಗೆ ಬಂದವಳು ಮಾತ್ರ ಟಾಯ್ಲೆಟ್ಟಿಗೆ ಹೋಗಬೇಕು, ಐದು ನಿಮಿಷದಲ್ಲಿ ಮೆಷಿನ್ನಿಗೆ ವಾಪಸ್ಸಾಗಬೇಕು. ಮುಟ್ಟಾದ ದಿನ ನೀನು ಟೋಕನ್ನಿಗೆ ಕಾದು ಕಾದು ಚೂಡಿದಾರವೆಲ್ಲ ಕಲೆಯಾಯಿತು. ಸೂಪರ್‌ವೈಸರ್ ಎಲ್ಲರೆದುರು ನಕ್ಕ. ಸಂಜೆ ನಮ್ಮ ರೂಮಿಗೆ ಬಂದವಳೇ ಬ್ಯಾಗು ಎಸೆದು, "ನನ್ನ ಮೈಯಾಗಿನ ರಕ್ತಕ್ಕೂ ಈ ಭಾಡ್ಯಾನ ಪರ್ಮಿಷನ್ ಬೇಕೇನ?" ಎಂದು ಕೂಗಿದೆ. ಆ ಕೂಗೇ ಹಾಡಾಯಿತು.

ರೂಮಿನ ಓನರ್ ಮಗಳು ದಿವ್ಯಾ ಕಾಲೇಜಿನಿಂದ ಹಳೇ ಗಿಟಾರ್ ತಂದಳು. "ಇದಕ್ಕೆ ಪಂಕ್ ಅಂತಾರೆ ಅಕ್ಕಾ. ನುಡಿಸೋಕೆ ಬರ್ದಿದ್ರೂ ನಡೆಯುತ್ತೆ, ಸಿಟ್ಟಿದ್ರೆ ಸಾಕು." ನನ್ನ ಪಾಲಿಗೆ ಬಾರಿಸಲು ಖಾಲಿ ಎಣ್ಣೆ ಡಬ್ಬ. ಭಾನುವಾರ ತಾರಸಿಯಲ್ಲಿ "ಐದು ನಿಮಿಷ! ಐದು ನಿಮಿಷ!" ಎಂದು ಮೂವರೂ ಗಂಟಲು ಹರಿದುಕೊಂಡೆವು. ನಮ್ಮ ಗುಂಪಿಗೆ ಟೋಕನ್ ಎಂದೇ ಹೆಸರಿಟ್ಟೆ ನೀನು. ದಿವ್ಯಾ ರೆಕಾರ್ಡ್ ಮಾಡಿದ್ದು ಮೊಬೈಲಿನಿಂದ ಮೊಬೈಲಿಗೆ ಹಾರಿ, ವಾರದೊಳಗೆ ಲೈನಿನವರೆಲ್ಲ ಮೆಷಿನ್ ಸದ್ದಿನಲ್ಲೇ ಅದನ್ನು ಗುನುಗತೊಡಗಿದರು.

ಮ್ಯಾನೇಜರ್ ನನ್ನನ್ನು ಕರೆಸಿದ. "ಬರೆದೋಳು ಯಾರು ಹೇಳಮ್ಮಾ. ನಿನ್ನನ್ನ ಸೂಪರ್‌ವೈಸರ್ ಮಾಡೋ ಜವಾಬ್ದಾರಿ ನಂದು."

ಬಾಯಿಪಾಠ ಮಾಡಲೆಂದು ನೀನು ಕೊಟ್ಟ ಚೀಟಿ ನನ್ನ ಹತ್ತಿರವೇ ಇತ್ತು. ಹಿಂದೆ ನಿನ್ನ ಹಾಡು, ಮುಂದೆ ನಿನ್ನ ಮೆಷಿನ್ ನಂಬರ್. ಹೆಸರು ಹೇಳುವ ಕಷ್ಟವೂ ಇರಲಿಲ್ಲ ನನಗೆ —

ಮರುದಿನ ಗೇಟಿನಲ್ಲೇ ನಿನ್ನನ್ನು ತಡೆದರು. ರಾಯಚೂರಿನ ಬಸ್ಸಿಗೆ ನಿನ್ನ ಬ್ಯಾಗು ಹೊತ್ತು ಬಂದವಳೂ ನಾನೇ. "ಯಾವಾಕಿ ಚಾಡಿ ಹೇಳ್ಯಾಳೋ, ಆಕಿ ಬಾಯಾಗ ಹುಳಾ ಬೀಳ್ಲಿ," ಎಂದೆ ನೀನು. "ಬೀಳ್ಲಿ ಬಿಡೇ," ಎಂದೆ ನಾನು. ಎಷ್ಟು ಸಲೀಸಾಗಿ ಅಂದುಬಿಟ್ಟೆ! ನೀನು ನನ್ನ ಕೈ ಹಿಡಿದು, "ಡಬ್ಬಾ ಬಾರ್ಸೋದು ಬಿಡಬ್ಯಾಡ," ಎಂದೆ. ಆಮೇಲೆ ಮುಟ್ಟಲಿಲ್ಲ ರೇಣುಕಾ, ಒಂದು ದಿನವೂ.

ಈಗ ಆ ರೆಕಾರ್ಡಿಂಗ್ ಕಾಲೇಜು ಹುಡುಗಿಯರ ಕೈಗೆ ಸಿಕ್ಕಿದೆ. ಅದನ್ನು ಕೇಳಿಯೇ ಅವರೂ ಬ್ಯಾಂಡ್ ಕಟ್ಟಿದ್ದಾರಂತೆ. ಹೋದ ಭಾನುವಾರ ಸ್ಟೇಜಿನ ಮೇಲೆ ನಿನ್ನ ಹಾಡು ಕಿರುಚಿ, ಅಂದು ಹಾಡಿದವರಲ್ಲಿ ಒಬ್ಬಳೆಂದು ನನಗೆ ಶಾಲು ಹೊದಿಸಿದರು. "ಬರೆದಿದ್ದು ಯಾರು ಮೇಡಂ?" ಎಂದು ಒಬ್ಬಳು ಕೇಳಿದಳು. "ನಾವೆಲ್ಲಾ ಸೇರಿ ಬರೆದ್ವಿ," ಎಂದೆ. ಚಪ್ಪಾಳೆ ಬಿತ್ತು. ಹೇಸಿಗೆಯವಳು ನಾನು, ಕೈ ಮುಗಿದು ನಕ್ಕೆ.

ಸೋಮವಾರ ಹೊಸ ಹುಡುಗಿಯೊಬ್ಬಳು ಕಿಬ್ಬೊಟ್ಟೆ ಒತ್ತಿಕೊಂಡು ನನ್ನ ಸೂಪರ್‌ವೈಸರ್ ಟೇಬಲ್ಲಿನ ಮುಂದೆ ನಿಂತಳು. ಟೋಕನ್ ಈಗ ನನ್ನ ಹತ್ತಿರವೇ ಇರುತ್ತದೆ. ಗಡಿಯಾರ ನೋಡಿದೆ. "ಐದು ನಿಮಿಷ ಕಣಮ್ಮಾ," ಎಂದೆ. ಅವಳು ಹೋದ ಮೇಲೆ ಕಿವಿಗೆ ಬಿತ್ತು ನಾನು ಅಂದದ್ದು.

ಆ ಬ್ಯಾಂಡ್ ಹುಡುಗಿಯರಿಗೆ ಇವತ್ತು ನಿನ್ನ ಹೆಸರು ಹೇಳುತ್ತೇನೆ. ಚೀಟಿ ಕೊಟ್ಟವಳ ಹೆಸರನ್ನೂ. ನೀನು ಕ್ಷಮಿಸುವುದು ಬೇಡ. ಅಂದು ಬಸ್ ಸ್ಟ್ಯಾಂಡಿನಲ್ಲಿ ಶಾಪ ಹಾಕಿದೆಯಲ್ಲ — ತಪ್ಪಿಲ್ಲ ರೇಣುಕಾ, ತಟ್ಟಿದೆ. ಐದು ನಿಮಿಷ ಅನ್ನುವಾಗಲೆಲ್ಲ ಆ ಹುಳ ನನ್ನ ನಾಲಿಗೆಯ ಮೇಲೆ ಹರಿಯುತ್ತದೆ.